ಗೋಡೆಗೇರಿದ ಸೈಕಲ್ಲು, ನೆಲ ಗೆದ್ದ ಕಾರು

ಮಹಾನಗರಗಳ ಮಧ್ಯಮವರ್ಗದ ಮನೆಗಳಲ್ಲಿ ಇತ್ತೀಚೆಗೆ ಒಂದು ಪದ್ಧತಿ ಬೇರೂರುತ್ತಿದೆ. ಗ್ಯಾರೇಜಿನ ಗೋಡೆಗೋ, ಕಾರು ನಿಲ್ಲಿಸುವ ಸ್ಟಿಲ್ಟ್ ಅಂತಸ್ತಿನ ಕಂಬಕ್ಕೋ, ಬಾಲ್ಕನಿಯ ಮೂಲೆಗೋ ರಂಧ್ರ ಕೊರೆದು, ಉಕ್ಕಿನ ಕೊಕ್ಕೆಯೊಂದನ್ನು ಬಿಗಿದು, ಸೈಕಲ್ಲನ್ನು ಅದಕ್ಕೆ ನೇತುಹಾಕುವ ಪದ್ಧತಿ. ಇದನ್ನು ಜಾಗದ ಉಳಿತಾಯವೆಂದು, ಅಚ್ಚುಕಟ್ಟೆಂದು, ಸದಭಿರುಚಿಯ ಕುರುಹೆಂದು ಹೊಗಳುವವರಿದ್ದಾರೆ. ಈ ಮೂರು ಹೊಗಳಿಕೆಗಳಲ್ಲಿ ಒಂದನ್ನೂ ನಾನು ಒಪ್ಪಲಾರೆ. ಗೋಡೆಯ ಮೇಲಿನ ಸೈಕಲ್ಲು ನಮ್ಮ ನಗರಗಳು ಯಾರಿಗೆ ನೆಲ ಕೊಟ್ಟಿವೆ, ಯಾರಿಂದ ಕಿತ್ತುಕೊಂಡಿವೆ ಎಂಬುದರ ಸಾಕ್ಷಿಯಾಗಿದೆ. ಆ ಸಾಕ್ಷಿಯನ್ನು ಅಲಂಕಾರವೆಂದು ಭ್ರಮಿಸಬಾರದು ಎಂಬುದಷ್ಟೇ ಈ ಬರಹದ ವಾದ.

ಮೊದಲು ಉಳಿತಾಯದ ಲೆಕ್ಕವನ್ನೇ ನೋಡೋಣ. ದೊಡ್ಡವರು ತುಳಿಯುವ ಸಾಮಾನ್ಯ ಸೈಕಲ್ಲು ಸುಮಾರು 1.8 ಮೀಟರ್ ಉದ್ದ, ಹ್ಯಾಂಡಲ್ಲಿನ ಬಳಿ ಸುಮಾರು 0.6 ಮೀಟರ್ ಅಗಲವಿರುತ್ತದೆ. ನೆಲದ ಮೇಲೆ ನಿಲ್ಲಿಸಿದರೆ ಅದು ಹಿಡಿಯುವ ಜಾಗ ಒಂದು ಚದರ ಮೀಟರಿಗಿಂತ ತುಸು ಹೆಚ್ಚು. ಮುಂದಿನ ಚಕ್ರವನ್ನು ಕೊಕ್ಕೆಗೆ ಸಿಕ್ಕಿಸಿ ಲಂಬವಾಗಿ ತೂಗುಹಾಕಿದರೂ ಸೈಕಲ್ಲು ಗೋಡೆಯೊಳಗೆ ಕರಗಿಹೋಗುವುದಿಲ್ಲ. ಹ್ಯಾಂಡಲ್ಲು ಗೋಡೆಯಿಂದ ಹೆಚ್ಚುಕಡಿಮೆ ಒಂದು ಮೀಟರ್ ಮುಂದಕ್ಕೆ ಚಾಚಿಕೊಂಡೇ ಇರುತ್ತದೆ. ಹೀಗಾಗಿ ನಿಜವಾಗಿ ಉಳಿಯುವುದು ಅರ್ಧ ಚದರ ಮೀಟರಿನ ಆಸುಪಾಸು. ಅದೇ ಗ್ಯಾರೇಜಿನಲ್ಲಿ ಐದು ಮೀಟರ್ ಉದ್ದ, ಎರಡೂವರೆ ಮೀಟರ್ ಅಗಲದ ಹನ್ನೆರಡೂವರೆ ಚದರ ಮೀಟರ್ ನೆಲವನ್ನು ಕಾರು ಆಕ್ರಮಿಸಿ, ದಿನದ ಬಹುಭಾಗ ಅಲ್ಲಾಡದೆ ನಿಂತಿರುತ್ತದೆ. ಅದರ ಮುಂದೆ ಅರ್ಧ ಚದರ ಮೀಟರ್ ಉಳಿಸಿದೆವೆಂದು ಬೀಗುವುದು, ಆನೆ ಹೋದ ದಾರಿಯಲ್ಲಿ ಇರುವೆಯನ್ನು ತಡೆದು ಸುಂಕ ಕೇಳಿದಂತೆ.

ನೇತುಹಾಕುವ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಮುಂಬೈಯ ಒಂದೇ ಕೋಣೆಯ ಮನೆಯಲ್ಲಿ ಐದು ಜನ ಬಾಳುವಾಗ ಸೈಕಲ್ಲು ಗೋಡೆಯನ್ನೇರುವುದು ಅನಿವಾರ್ಯ. ತಿಂಗಳುಗಟ್ಟಲೆ ಊರಿಗೆ ಹೋಗುವವರು ಚಕ್ರದ ಭಾರ ಒಂದೇ ಕಡೆ ಬಿದ್ದು ಟೈರು ಬಿರಿಯದಿರಲೆಂದು ತೂಗುಹಾಕಿದರೆ ಅದರಲ್ಲೂ ಅರ್ಥವಿದೆ. ಕೊಕ್ಕೆಯ ತಾಂತ್ರಿಕತೆಯ ಬಗೆಗೂ ನನಗೆ ತಕರಾರಿಲ್ಲ. ಸುಟ್ಟ ಇಟ್ಟಿಗೆಯ ಅಥವಾ ಕಾಂಕ್ರೀಟಿನ ಗೋಡೆಯಲ್ಲಿ ಗಾರೆಯ ಪದರವನ್ನು ದಾಟಿ ಸಾಕಷ್ಟು ಆಳಕ್ಕೆ ಕೊರೆದು, ಸರಿಯಾದ ಪ್ಲಗ್ ಕೂರಿಸಿ, ತಿರುಪು ಬಿಗಿದರೆ ಇಪ್ಪತ್ತು ಕಿಲೋ ತೂಕದ ಸೈಕಲ್ಲನ್ನು ಗೋಡೆ ನಿಶ್ಚಿಂತೆಯಿಂದ ಹೊರುತ್ತದೆ. ಹೊಸ ಫ್ಲ್ಯಾಟುಗಳ ಹಗುರ ಎಎಸಿ ಬ್ಲಾಕಿನ ಗೋಡೆಗಳಲ್ಲಿ ಮಾತ್ರ ಸಾಧಾರಣ ಪ್ಲಗ್ ಸಡಿಲಗೊಳ್ಳುತ್ತದೆ. ಅದಕ್ಕೆಂದೇ ತಯಾರಾದ ಪ್ಲಗ್ ಬೇಕಾಗುತ್ತದೆ. ಇದಿಷ್ಟನ್ನು ಯಾವ ಬಡಗಿಯಾದರೂ ಹೇಳಿಕೊಡುತ್ತಾನೆ. ಗೋಡೆ ಹೊರಬಲ್ಲದು ಎಂಬುದರಲ್ಲಿ ಸಂದೇಹವಿಲ್ಲ. ಎತ್ತಿ ಅಲ್ಲಿಗೆ ಏರಿಸುವವರು ಯಾರು ಎಂಬುದೇ ಪ್ರಶ್ನೆ.

ಹದಿನೈದರಿಂದ ಇಪ್ಪತ್ತು ಕಿಲೋ ತೂಕವನ್ನು ಎದೆಯೆತ್ತರಕ್ಕೆ ಎತ್ತಿ, ಕಾರಿನ ಬಾನೆಟ್ಟಿಗೆ ಪೆಡಲ್ ತಾಗದಂತೆ ಓರೆಯಾಗಿಸಿ, ಕೊಕ್ಕೆಗೆ ಸಿಕ್ಕಿಸುವುದು ಹದಿಮೂರರ ಬಾಲಕಿಗೆ ಆಗದು, ಅರವತ್ತು ದಾಟಿದವರಿಗೆ ಆಗದು, ಬೆನ್ನುನೋವಿರುವ ಯಾರಿಗೂ ಆಗದು. ಅಡ್ಡಲಾಗಿ ಇರಿಸುವ ಬ್ರಾಕೆಟ್ಟುಗಳು ಬಹುಮಟ್ಟಿಗೆ ಸೈಕಲ್ಲಿನ ಮೇಲಿನ ನೇರ ಅಡ್ಡಕಂಬಿಯನ್ನು ನೆಚ್ಚಿಕೊಂಡಿವೆ. ಆ ಕಂಬಿಯೇ ಇಲ್ಲದ ಲೇಡೀಸ್ ಸೈಕಲ್ಲು ಅವುಗಳ ಮೇಲೆ ನೆಟ್ಟಗೆ ಕೂರುವುದೂ ಇಲ್ಲ. ಹೀಗೆ ಗೋಡೆಯನ್ನೇರಿದ ಸೈಕಲ್ಲಿಗೆ ಮನೆಯ ಗಟ್ಟಿಮುಟ್ಟಾದ ಒಬ್ಬ ಗಂಡಸಿನ ಹೊರತು ಬೇರೆ ವಾರಸುದಾರರಿಲ್ಲ. ಉಳಿದವರು ತರಕಾರಿಗೆಂದು ಹೊರಡಲು ಅವನ ಬಿಡುವನ್ನು ಕಾಯಬೇಕು. ಸೈಕಲ್ಲಿನ ಮಹಿಮೆಯೆಲ್ಲ ಇರುವುದು ಬೇಕೆಂದಾಗ ಹತ್ತಿ ಹೊರಡಬಹುದಾದ ಸ್ವಾತಂತ್ರ್ಯದಲ್ಲಿ. ಮೊದಲ ಹೆಜ್ಜೆಯಲ್ಲೇ ಅದಕ್ಕೊಂದು ತಡೆಗೋಡೆ ಕಟ್ಟಿದ ಮೇಲೆ ಉಳಿಯುವುದೇನು? ಎರಡನೆಯ ವಾರ ಸೋಮಾರಿತನ, ಎರಡನೆಯ ತಿಂಗಳು ಧೂಳು, ಎರಡನೆಯ ವರ್ಷ ಚೈನಿನ ತುಕ್ಕು.

ನಮ್ಮ ಹಿರಿಯರೂ ವಸ್ತುಗಳನ್ನು ನೇತುಹಾಕುತ್ತಿದ್ದರಲ್ಲ ಎಂದು ಕೇಳಬಹುದು. ಹೌದು, ನೇತುಹಾಕುತ್ತಿದ್ದರು. ಪಡಸಾಲೆಯ ಗಿಳಿಗೂಟದಲ್ಲಿ ರುಮಾಲು, ಅಂಗವಸ್ತ್ರ. ಅಡುಗೆಮನೆಯ ನೆಲುವಿನಲ್ಲಿ ಬೆಣ್ಣೆ, ಮೊಸರಿನ ಗಡಿಗೆ. ಗಿಳಿಗೂಟ ಕೈಗೆಟಕುವ ಎತ್ತರದಲ್ಲಿರುತ್ತಿತ್ತು, ಏಕೆಂದರೆ ರುಮಾಲು ನಾಳೆ ಬೆಳಗ್ಗೆ ಮತ್ತೆ ತಲೆಗೇರಬೇಕಿತ್ತು. ನೆಲುವು ಬೆಕ್ಕಿಗೆ ಎಟಕದಂತಿದ್ದರೂ ಮನೆಯೊಡತಿಗೆ ಎಟಕುತ್ತಿತ್ತು. ನಿತ್ಯದ ಬಳಕೆಯಿಂದ ನಿವೃತ್ತವಾದ ವಸ್ತುವಿಗೆ ಬೇರೆಯೇ ಸ್ಥಾನವಿತ್ತು: ಅಟ್ಟ. ಇಂದಿನ ಸೈಕಲ್ ಕೊಕ್ಕೆ ಗಿಳಿಗೂಟದ ವೇಷ ತೊಟ್ಟು ಬಂದಿದೆ, ಮಾಡುತ್ತಿರುವುದು ಅಟ್ಟದ ಕೆಲಸ.

1942ರಲ್ಲಿ ಪಿಕಾಸೊ ಒಂದು ಸೈಕಲ್ಲಿನ ಸೀಟನ್ನೂ ಹ್ಯಾಂಡಲ್ಲನ್ನೂ ಜೋಡಿಸಿ ಗೂಳಿಯ ತಲೆಯೊಂದನ್ನು ರಚಿಸಿದ. ಎರಡೇ ಬಿಡಿಭಾಗಗಳ ಆ ಕೃತಿಯನ್ನು ಗೋಡೆಯ ಮೇಲೆ ಕಂಡಾಗ, ಬೇಟೆಗಾರರು ತಮ್ಮ ಬಂಗಲೆಗಳಲ್ಲಿ ತೂಗುಹಾಕುತ್ತಿದ್ದ ಮೃಗಗಳ ತಲೆಗಳು ನೆನಪಾಗದೆ ಇರವು. ನಮ್ಮ ಗ್ಯಾರೇಜುಗಳ ಗೋಡೆಗಳನ್ನು ಕಂಡಾಗಲೂ ನನಗೆ ಅದೇ ನೆನಪು. ಬೇಟೆಗಾರ ಕೆಳಗೆ ನಿಂತಿದ್ದಾನೆ, ನಾಲ್ಕು ಚಕ್ರಗಳ ಮೇಲೆ. ಬೇಟೆ ಮೇಲೆ ತೂಗುತ್ತಿದೆ.

ಈ ಬೇಟೆ ಮನೆಯೊಳಗೆ ಆರಂಭವಾದದ್ದಲ್ಲ. ಅದರ ಮೂಲ ನಗರಯೋಜನೆಯ ಕಡತಗಳಲ್ಲಿದೆ. 2021ನೇ ಇಸವಿಯನ್ನು ಗುರಿಯಾಗಿಟ್ಟುಕೊಂಡು ರೂಪಿಸಿದ ದೆಹಲಿಯ ಮಹಾಯೋಜನೆಯನ್ನು ತೆರೆದು ನೋಡಿ. ವಾಹನ ನಿಲುಗಡೆಯನ್ನು ಅಲ್ಲಿ ಅಳೆಯುವ ಮಾನದಂಡದ ಹೆಸರೇ ‘ಈಕ್ವಿವಲೆಂಟ್ ಕಾರ್ ಸ್ಪೇಸ್’, ಎಂದರೆ ಕಾರಿಗೆ ಸಮನಾದ ಸ್ಥಳ. ಬಯಲಿನಲ್ಲಿ ಅಂಥ ಒಂದು ಘಟಕಕ್ಕೆ 23 ಚದರ ಮೀಟರ್, ಸ್ಟಿಲ್ಟ್ ಅಡಿಯಲ್ಲಿ 28, ನೆಲಮಾಳಿಗೆಯಲ್ಲಿ 32. ವಸತಿಗೃಹಗಳಲ್ಲಿ ಪ್ರತಿ 100 ಚದರ ಮೀಟರ್ ನಿರ್ಮಾಣಕ್ಕೆ ಎರಡು ಘಟಕಗಳಿರಬೇಕು. ಅಂದರೆ ಮನುಷ್ಯರ ವಾಸಕ್ಕೆ ನೂರು ಚದರ ಮೀಟರ್ ಕಟ್ಟಿದರೆ ನೆಲಮಾಳಿಗೆಯಲ್ಲಿ ಕಾರಿನ ಲೆಕ್ಕಕ್ಕೆ ಅರವತ್ತನಾಲ್ಕು! ಅಳೆಯುವ ಕೋಲೇ ಕಾರಾಗಿರುವಾಗ ಆ ಕೋಲಿನಲ್ಲಿ ಸೈಕಲ್ಲು ಭಿನ್ನರಾಶಿಯಾಗಿ ಮಾತ್ರ ಕಾಣಿಸೀತು. ಇದೇ ದೇಶದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿ, ರಸ್ತೆಯ ಜಾಗವನ್ನು ವಾಹನಗಳ ದೃಷ್ಟಿಯಿಂದ ಹಂಚದೆ ಜನರ ದೃಷ್ಟಿಯಿಂದ ಹಂಚಬೇಕೆಂದು ಸಾರಿತ್ತು. ನೀತಿ ಒಂದು ಕಪಾಟಿನಲ್ಲಿ ಉಳಿಯಿತು, ಅಳತೆಗೋಲು ಇನ್ನೊಂದರಲ್ಲಿ.

ನಾನು ಕೇಂದ್ರ ಸರಕಾರದ ನೌಕರ. ಆದ್ದರಿಂದ ಮನೆಯ ಉದಾಹರಣೆಯನ್ನೂ ಕೊಡಬೇಕು. ಏಳನೆಯ ವೇತನ ಆಯೋಗ ಸೈಕಲ್ ಭತ್ಯೆಯನ್ನು ರದ್ದುಪಡಿಸಲು ಶಿಫಾರಸು ಮಾಡಿತು. ಅಂಚೆ ಮತ್ತು ರೈಲ್ವೆ ಇಲಾಖೆಗಳ ಆಕ್ಷೇಪವನ್ನು ಮನ್ನಿಸಿ 2017ರಲ್ಲಿ ಸರಕಾರ ಅದನ್ನು ಪೋಸ್ಟ್‌ಮನ್‌ಗಳಿಗೂ ಟ್ರ್ಯಾಕ್‌ಮನ್‌ಗಳಿಗೂ ಉಳಿಸಿ, ತಿಂಗಳಿಗೆ 90 ರೂಪಾಯಿ ಇದ್ದುದನ್ನು 180ಕ್ಕೆ ಏರಿಸಿತು. ಸೈಕಲ್ ಕೊಳ್ಳಲು ಸಿಗುತ್ತಿದ್ದ ಬಡ್ಡಿರಹಿತ ಮುಂಗಡ ಆ ಆಯೋಗದ ಶಿಫಾರಸಿನೊಂದಿಗೇ ಕೊನೆಗೊಂಡಿತು. ಕಾರಿನ ಮುಂಗಡವೂ ಹೋಯಿತೆಂಬುದು ನಿಜ. ಆದರೆ ಕಾರಿಗೆ ಸಾಲ ಕೊಡಲು ಬ್ಯಾಂಕುಗಳು ಸಾಲುಗಟ್ಟಿ ನಿಂತಿವೆ. ಸೈಕಲ್ಲಿಗೆ ಯಾವ ಬ್ಯಾಂಕೂ ಬಾಗಿಲು ತಟ್ಟುವುದಿಲ್ಲ. ಸರಕಾರದ ದೃಷ್ಟಿಯಲ್ಲಿ ಸೈಕಲ್ಲು ಇನ್ನು ಕಾಗದ ಹಂಚುವವನ, ಹಳಿ ಕಾಯುವವನ ಉಪಕರಣ ಮಾತ್ರ. ಮೇಜಿನ ಹಿಂದೆ ಕುಳಿತವನೂ ಅದರ ಮೇಲೆ ಕಚೇರಿಗೆ ಬಂದಾನು ಎಂಬ ಕಲ್ಪನೆ ಕಡತದಿಂದಲೇ ಅಳಿದುಹೋಗಿದೆ.

ಜನರು ಮಾತ್ರ ಸೈಕಲ್ಲನ್ನು ಬಿಟ್ಟಿಲ್ಲ. 2011ರ ಜನಗಣತಿಯ ಪ್ರಕಾರ ದೇಶದ ಶೇ. 45ರಷ್ಟು ಮನೆಗಳಲ್ಲಿ ಸೈಕಲ್ಲಿತ್ತು. ಕಾರು ಇದ್ದದ್ದು ಶೇ. 5ಕ್ಕೂ ಕಡಿಮೆ ಮನೆಗಳಲ್ಲಿ. ನಮ್ಮ ತವರು ರಾಜ್ಯ 2006-07ರಲ್ಲಿ ಹೈಸ್ಕೂಲು ಸೇರುವ ಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಆರಂಭಿಸಿದಾಗ, ಹಳ್ಳಿಯ ಹುಡುಗಿಗೂ ಶಾಲೆಗೂ ನಡುವಿನ ದೂರಕ್ಕೆ ಸರಕಾರವೇ ಸೈಕಲ್ಲನ್ನು ಉತ್ತರವಾಗಿ ಕಂಡಿತ್ತು. ಮಹಾನಗರದಲ್ಲಿ ಆ ಸೈಕಲ್ಲು ಎಲ್ಲಿದೆ ಎಂದು ನೋಡಬೇಕಿದ್ದರೆ ಗ್ಯಾರೇಜಿನ ಗೋಡೆಯನ್ನು ಬಿಟ್ಟು ಗೇಟಿನ ಹೊರಗೆ ಕಣ್ಣಾಡಿಸಿ. ರಾತ್ರಿ ಪಾಳಿಯ ಕಾವಲುಗಾರನ ಸೈಕಲ್ಲು, ಪತ್ರಿಕೆ ಹಂಚುವ ಹುಡುಗನದು, ಇಸ್ತ್ರಿಯವನದು, ಮಾಳಿಯದು, ಮನೆಗೆಲಸಕ್ಕೆ ಬರುವ ಹೆಂಗಸಿನದು. ಬೇಲಿಯ ಕಂಬಿಗೆ, ವಿದ್ಯುತ್ ಕಂಬಕ್ಕೆ, ಬೇವಿನ ಮರಕ್ಕೆ ಸರಪಳಿ ಬಿಗಿದುಕೊಂಡು ಮಳೆಬಿಸಿಲಿನಲ್ಲಿ ನಿಂತಿರುತ್ತವೆ. ನಾನಿರುವ ವಸತಿ ಸಮುಚ್ಚಯದಲ್ಲಿ ಅತಿಥಿಗಳ ಕಾರಿಗೂ ಬಣ್ಣ ಬಳಿದ ಗೆರೆಗಳಿವೆ. ಪ್ರತಿದಿನ ಬರುವ ಈ ಇಪ್ಪತ್ತು ಮೂವತ್ತು ಸೈಕಲ್ಲುಗಳಿಗೆ ಒಂದು ತಗಡಿನ ಸೂರೂ ಇಲ್ಲ.

ಗೋಡೆಯ ಕೊಕ್ಕೆಯ ಮೇಲೆ ನನಗಿರುವ ನಿಜವಾದ ಸಿಟ್ಟು ಇಲ್ಲಿದೆ. ದನಿಯಿರುವವರು, ಸಭೆಯಲ್ಲಿ ಎದ್ದು ನಿಂತರೆ ಕೇಳಿಸಿಕೊಳ್ಳಲ್ಪಡುವವರು, ತಮ್ಮ ಸೈಕಲ್ಲಿನ ಸಮಸ್ಯೆಯನ್ನು ತಮ್ಮ ತಮ್ಮ ಗೋಡೆಯಲ್ಲಿ ಬಗೆಹರಿಸಿಕೊಂಡುಬಿಟ್ಟಿದ್ದಾರೆ. ಅಲ್ಲಿಗೆ ಸಾರ್ವಜನಿಕ ಸೈಕಲ್ ಸ್ಟ್ಯಾಂಡಿನ ಬೇಡಿಕೆಗೆ ವಕೀಲರೇ ಇಲ್ಲದಂತಾಯಿತು. ಮನೆಮನೆಗೆ ನೀರು ಶುದ್ಧಗೊಳಿಸುವ ಯಂತ್ರ ಬಂದ ಮೇಲೆ ನಲ್ಲಿಯ ನೀರಿನ ಬಗ್ಗೆ ಯಾರೂ ಕೇಳದಾದರು. ಇದೂ ಅದೇ ಜಾಡು. ಪುಣೆಯ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಕಾಲಕ್ಕೆ ಸೈಕಲ್ಲುಗಳ ಊರೆಂದೇ ಹೆಸರಾಗಿದ್ದ ಆ ನಗರ 2017ರಲ್ಲಿ ಸವಿವರವಾದ ಸೈಕಲ್ ಯೋಜನೆಯೊಂದನ್ನೂ ಅಂಗೀಕರಿಸಿತು. ಆದರೂ ಅಲ್ಲಿನ ಸೈಕಲ್ ಪಥಗಳ ಮೇಲೆ ಮೋಟಾರು ವಾಹನಗಳು ನಿಂತಿರುವುದನ್ನು ಅಲ್ಲಿರುವವರು ನಿತ್ಯವೂ ಕಾಣುತ್ತಾರೆ. ಕೇಳುವವರೆಲ್ಲ ಗೋಡೆಯ ಮೇಲೆ ತೂಗುಹಾಕಿದ್ದಾದ ಮೇಲೆ ಪಥ ಯಾರದಾದರೇನು?

ಎರಡು ಆಕ್ಷೇಪಗಳನ್ನು ಉತ್ತರಿಸಬೇಕು. ಮೊದಲನೆಯದು ಕಳ್ಳತನದ್ದು. ಗೋಡೆಯ ಮೇಲಿದ್ದರೆ ಸುರಕ್ಷಿತ, ಸ್ಟ್ಯಾಂಡಿನಲ್ಲಿದ್ದರೆ ಕಳವು ಎನ್ನುತ್ತಾರೆ. ಕಾಂಕ್ರೀಟಿನಲ್ಲಿ ಹುಗಿದ, ತಲೆಕೆಳಗಾದ ಯು ಆಕಾರದ ಕಬ್ಬಿಣದ ಕೊಳವೆಗೆ ಸೈಕಲ್ಲಿನ ಚೌಕಟ್ಟನ್ನೂ ಚಕ್ರವನ್ನೂ ಕೂಡಿಸಿ ಬೀಗ ಹಾಕಿದರೆ ಕಳ್ಳನ ಕೆಲಸ ಸುಲಭವಲ್ಲ. ಕಾರುಗಳ ಕಾವಲಿಗೆಂದು ಈಗಾಗಲೇ ನೇಮಿಸಿರುವ ಮನುಷ್ಯನೂ ಕ್ಯಾಮೆರಾವೂ ಹತ್ತಡಿ ಆಚೆಗೆ ನೋಡಿದರೆ ಸಾಕು. ಎರಡನೆಯದು, ನಮ್ಮ ರಸ್ತೆಗಳಲ್ಲಿ ಸೈಕಲ್ ತುಳಿಯುವುದೇ ಅಪಾಯ, ಆದ್ದರಿಂದ ಸ್ಟ್ಯಾಂಡ್ ಕಟ್ಟಿ ಫಲವೇನು ಎಂಬುದು. ಅಪಾಯ ನಿಜ. ಆದರೆ ಆ ಅಪಾಯವನ್ನು ಗೇಟಿನ ಹೊರಗಿನವರು ಇಂದೂ ಎದುರಿಸುತ್ತಲೇ ಇದ್ದಾರೆ. ನಮ್ಮ ಸೈಕಲ್ಲು ಕೆಳಗಿಳಿಯದಿದ್ದರೆ ಅವರ ರಸ್ತೆ ಸುರಕ್ಷಿತವಾಗುವುದಿಲ್ಲ. ಜಾಗ ಸಾಲದೆಂಬ ಮಾತಿಗೂ ಜಗತ್ತಿನಲ್ಲಿ ಉತ್ತರವಿದೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ರೈಲು ನಿಲ್ದಾಣದ ಬಳಿ 12,000ಕ್ಕೂ ಹೆಚ್ಚು ಸೈಕಲ್ಲುಗಳು ಎರಡಂತಸ್ತಿನ ಸಾಲುಗಳಲ್ಲಿ ನಿಲ್ಲುತ್ತವೆ. ಮೇಲಿನ ಸಾಲು ಅಲ್ಲಿಯೂ ಇದೆ. ಆದರೆ ಅದು ಎಲ್ಲರಿಗಾಗಿ, ಜಾರಿ ಕೆಳಗಿಳಿಯುವ ತಟ್ಟೆಯೊಂದಿಗೆ ಇದೆ.

ಹಾಗಾದರೆ ಮಾಡಬೇಕಾದದ್ದೇನು? ಕಾನೂನು ಅಷ್ಟೇನೂ ನಮಗೆ ವಿಮುಖವಾಗಿಲ್ಲ. ನಹಲ್‌ಚಂದ್ ಲಾಲೂಚಂದ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2010ರಲ್ಲಿ ನೀಡಿದ ತೀರ್ಪು ಮುಂಬೈಯ ಓದುಗರಿಗೆ ತಿಳಿದಿರಬಹುದು. ಮಹಾರಾಷ್ಟ್ರದ ಫ್ಲ್ಯಾಟ್ ಕಾಯಿದೆಯಡಿ ಸ್ಟಿಲ್ಟ್ ಅಡಿಯ ನಿಲುಗಡೆ ‘ಗ್ಯಾರೇಜ್’ ಎನಿಸಿಕೊಳ್ಳದು, ಅದನ್ನು ಬಿಲ್ಡರ್ ಪ್ರತ್ಯೇಕವಾಗಿ ಮಾರುವಂತಿಲ್ಲ, ಅದು ಎಲ್ಲರಿಗೂ ಸೇರಿದ ಸಾಮಾನ್ಯ ಪ್ರದೇಶ ಎಂದು ನ್ಯಾಯಾಲಯ ಹೇಳಿತು. ಎಲ್ಲರಿಗೂ ಸೇರಿದ ನೆಲದ ಬಳಕೆಯನ್ನು ಎಲ್ಲರ ಸಭೆ ನಿರ್ಧರಿಸಬಹುದು. ಮಹಾರಾಷ್ಟ್ರದ ಸಹಕಾರಿ ವಸತಿ ಸಂಘಗಳು ಸೆಪ್ಟೆಂಬರ್ 30ರೊಳಗೆ ವಾರ್ಷಿಕ ಸಾಮಾನ್ಯ ಸಭೆ ನಡೆಸಬೇಕು. ಸರಕಾರಿ ಕಾಲೊನಿಗಳಲ್ಲಿ ನಿವಾಸಿಗಳ ಕಲ್ಯಾಣ ಸಂಘಗಳಿವೆ. ಅಲ್ಲಿ ಮೂರೇ ಬೇಡಿಕೆಗಳನ್ನು ಮಂಡಿಸೋಣ. ಗೇಟಿನ ಒಳಗೆ, ಸೂರಿನಡಿ, ಮೆಟ್ಟಿಲು ಹತ್ತಬೇಕಿಲ್ಲದ ಕಡೆ, ಎರಡು ಕಾರಿನ ಜಾಗ ಸೈಕಲ್ಲುಗಳಿಗೆ. ಬಯಲಿನ ಎರಡು ಘಟಕಗಳ 46 ಚದರ ಮೀಟರಿನಲ್ಲಿ ಓಡಾಡುವ ದಾರಿ ಬಿಟ್ಟೂ ಇಪ್ಪತ್ತಕ್ಕಿಂತ ಹೆಚ್ಚು ಸೈಕಲ್ಲುಗಳು ಸಲೀಸಾಗಿ ನಿಲ್ಲುತ್ತವೆ. ಬೀಗ ಹಾಕಲು ನೆಲದಲ್ಲಿ ಹುಗಿದ ಕಬ್ಬಿಣದ ಕಂಬಿ. ಮೂರನೆಯದೂ ಮುಖ್ಯವಾದುದೂ: ಆ ಸ್ಟ್ಯಾಂಡಿನ ಮೇಲೆ ‘ನಿವಾಸಿಗಳಿಗೆ ಮಾತ್ರ’ ಎಂಬ ಫಲಕ ಇರಕೂಡದು.

ಮೂರನೆಯ ಬೇಡಿಕೆಗೇ ಸಭೆಯಲ್ಲಿ ಹೆಚ್ಚು ವಿರೋಧ ಬರುತ್ತದೆ. ಬಂದಾಗಲೇ ತಿಳಿಯುತ್ತದೆ, ಕೊರತೆ ಇದ್ದದ್ದು ಜಾಗದ್ದೋ ಮನಸ್ಸಿನದೋ ಎಂದು. ಆ ಸಭೆಗೆ ಹೋಗುವ ಮುನ್ನ ನಮ್ಮ ನಮ್ಮ ಕೊಕ್ಕೆಯಿಂದ ಸೈಕಲ್ಲನ್ನು ಇಳಿಸಿ, ಚೈನಿಗೆ ಎಣ್ಣೆ ಬಿಟ್ಟು, ಗಾಳಿ ಹೊಡೆಸಿಕೊಂಡು, ಅದರ ಮೇಲೆಯೇ ಹೋಗುವುದು ಲೇಸು. ಸಭಾಂಗಣದ ಹೊರಗೆ ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಅಧ್ಯಕ್ಷರನ್ನೇ ಕೇಳೋಣ. ಚರ್ಚೆ ಅಲ್ಲಿಂದಲೇ ಆರಂಭವಾಗಲಿ.