ಅಡುಗೆ ಕೋಣೆಗೆ ಬರುವ ಗ್ಯಾಸ್ ಪೈಪಿಗೆ ಅರ್ತ್ ಕೊಡುವವರು ಯಾರು?

ಕಾಸರಗೋಡು: ಕೊಚ್ಚಿ-ಮಂಗಳೂರು ಅನಿಲ ಕೊಳವೆ ಮಾರ್ಗವನ್ನು ಪ್ರಧಾನಿ ನರೇಂದ್ರ ಮೋದಿಯವರು 2021ರ ಜನವರಿ 5ರಂದು ದೇಶಕ್ಕೆ ಸಮರ್ಪಿಸಿದರು. ಸುಮಾರು 450 ಕಿ.ಮೀ. ಉದ್ದದ, ಸುಮಾರು 3,000 ಕೋಟಿ ರೂಪಾಯಿ ವೆಚ್ಚದ ಈ ಮಾರ್ಗ ಎರ್ನಾಕುಳದಿಂದ ಹೊರಟು ಏಳು ಜಿಲ್ಲೆಗಳನ್ನು ದಾಟಿ, ಕೊನೆಯದಾಗಿ ನಮ್ಮ ಚಂದ್ರಗಿರಿ ಹೊಳೆಯ ಅಡಿಯಲ್ಲಿ ತೂರಿ ತಲಪಾಡಿಯ ಆಚೆಗೆ ಹೋಗಿದೆ. ಹೊಳೆಯ ಕೆಲಸವೇ ತಿಂಗಳುಗಟ್ಟಲೆ ತಡವಾಗಿದ್ದುದು ಜಿಲ್ಲೆಯ ಜನರಿಗೆ ನೆನಪಿದ್ದೀತು. ಈಗ ಇದೇ ಅನಿಲವನ್ನು ಮನೆಮನೆಗೆ ತಲುಪಿಸುವ ಕೆಲಸ ಹಂತಹಂತವಾಗಿ ನಡೆಯುತ್ತಿದೆ. ಕಾಸರಗೋಡು ಜಿಲ್ಲೆಗೆ ಇಂಡಿಯನ್ ಆಯಿಲ್-ಅದಾನಿ ಗ್ಯಾಸ್, ಗಡಿಯಾಚೆಯ ದಕ್ಷಿಣ ಕನ್ನಡಕ್ಕೆ ಗೇಲ್ ಗ್ಯಾಸ್. ಎರಡಕ್ಕೂ ಪರವಾನಿಗೆ ಸಿಕ್ಕಿದ್ದು 2018ರಲ್ಲಿ.

ಈ ಕೊಳವೆಯ ಬಗ್ಗೆ ಜನರಿಗೆ ಭಯವಿರಲಿಲ್ಲ ಎಂದಲ್ಲ. 2014ರ ಜೂನ್ 27ರಂದು ಆಂಧ್ರದ ಪೂರ್ವ ಗೋದಾವರಿ ಜಿಲ್ಲೆಯ ನಗರಂ ಗ್ರಾಮದಲ್ಲಿ ಕೊಳವೆ ಸ್ಫೋಟಿಸಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತ ಮೇಲೆ ಕೇರಳದಲ್ಲಿ ವಿರೋಧ ಬಲವಾಯಿತು. 2017ರ ನವೆಂಬರಿನಲ್ಲಿ ಕೋಝಿಕ್ಕೋಡ್ ಜಿಲ್ಲೆಯ ಮುಕ್ಕಂ ಬಳಿ ಪೊಲೀಸರಿಗೂ ಜನರಿಗೂ ಘರ್ಷಣೆಯೇ ನಡೆಯಿತು. ಆದರೆ ಅಂದು ಕೇಳಿದ ಪ್ರಶ್ನೆಗಳೆಲ್ಲ ತೋಟದಲ್ಲಿ ಹಾದುಹೋಗುವ ದೊಡ್ಡ ಕೊಳವೆಯ ಕುರಿತಾದುವು. ಮನೆಯ ಗೋಡೆಯೇರಿ ಅಡುಗೆ ಕೋಣೆಗೆ ನುಗ್ಗುವ ಅರ್ಧ ಇಂಚಿನ ಪೈಪಿನ ಬಗ್ಗೆ ಯಾರೂ ಕೇಳಲಿಲ್ಲ. ಆ ಪೈಪು ಲೋಹದ್ದು. ಅದೇ ಗೋಡೆಯಲ್ಲಿ ಕರೆಂಟಿನ ವಯರೂ ಇದೆ. ಇವೆರಡರ ಸಂಬಂಧವನ್ನು ನೋಡಿಕೊಳ್ಳಬೇಕಾದವರು ಯಾರು ಎಂಬುದೇ ಈಗಿನ ಪ್ರಶ್ನೆ.

ಮಣ್ಣಿನೊಡನೆ ನಂಟಿಲ್ಲದ ಪೈಪು

ಗ್ಯಾಸ್ ಬರುವ ದಾರಿಯನ್ನು ಮೊದಲು ತಿಳಿಯಬೇಕು. ದೊಡ್ಡ ಮಾರ್ಗ ಉಕ್ಕಿನದು. ಅಲ್ಲಿಂದ ಊರಿನ ರಸ್ತೆ ಬದಿಯಲ್ಲಿ ಹೂಳುವುದು ಪ್ಲಾಸ್ಟಿಕ್ ಜಾತಿಯ ಪಾಲಿಥಿಲೀನ್ ಪೈಪು. ಮನೆಯ ಬುಡಕ್ಕೆ ಬಂದಾಗ ಅದು ಜಿ.ಐ. ಪೈಪಿಗೆ ಜೋಡಣೆಯಾಗುತ್ತದೆ. ಜಿ.ಐ. ಪೈಪು ಗೋಡೆಗೆ ಕ್ಲಾಂಪ್ ಹಾಕಿಸಿಕೊಂಡು ಮೇಲೇರಿ, ರೆಗ್ಯುಲೇಟರ್ ಮತ್ತು ಮೀಟರ್ ದಾಟಿ, ಅಡುಗೆ ಕೋಣೆಯ ಗೋಡೆ ತೂರಿ ಒಳಗೆ ಬರುತ್ತದೆ. ಕೊನೆಗೆ ರಬ್ಬರ್ ಹೋಸ್, ಒಲೆ.

ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಪ್ಲಾಸ್ಟಿಕ್‌ನಲ್ಲಿ ಕರೆಂಟು ಹರಿಯುವುದಿಲ್ಲ. ಒಲೆಯ ಕಡೆ ರಬ್ಬರ್. ಅಂದರೆ ಗೋಡೆಯ ಮೇಲಿನ ಲೋಹದ ಪೈಪಿಗೆ ಮಣ್ಣಿನೊಡನೆ ನಂಟೇ ಇಲ್ಲ. ನೆಲದಿಂದ ಎದ್ದು ಬಂದಂತೆ ಕಾಣುತ್ತದೆ ನಿಜ, ಆದರೆ ವಿದ್ಯುತ್ತಿನ ಲೆಕ್ಕದಲ್ಲಿ ಅದು ತೂಗಾಡುತ್ತಿರುವ ಕಬ್ಬಿಣ. ಬಾವಿಯ ಪಂಪಿನ ಹಳೆಯ ಕಬ್ಬಿಣದ ಪೈಪಿನಂತೆ ಅದು ತಾನಾಗಿಯೇ ಅರ್ತ್ ಆಗುವುದಿಲ್ಲ.

ಗೋಡೆಗೆ ಮೊಳೆ ಹೊಡೆಯುವಾಗ ವಯರಿನ ಸಿಪ್ಪೆ ಹರಿಯಿತು, ಇಲಿ ಕಡಿಯಿತು, ಮಿಕ್ಸಿಯ ಹಳೆಯ ವಯರು ಪೈಪಿಗೆ ಒರಗಿತು ಎಂದಿಟ್ಟುಕೊಳ್ಳೋಣ. 230 ವೋಲ್ಟ್ ಪೈಪಿಗೆ ಬಂದು ನಿಲ್ಲುತ್ತದೆ. ಹರಿದು ಹೋಗಲು ದಾರಿಯಿಲ್ಲದ ಕಾರಣ ಫ್ಯೂಸ್ ಹೋಗುವುದಿಲ್ಲ, ಎಂ.ಸಿ.ಬಿ. ಬೀಳುವುದಿಲ್ಲ, ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ವಾಲ್ವ್ ತಿರುಗಿಸುವವರೇ ಅದಕ್ಕೆ ಮೊದಲ ದಾರಿಯಾಗುತ್ತಾರೆ.

ಎರಡನೆಯ ಅಪಾಯ ಕಿಡಿಯದು. ಕರೆಂಟು ಬಂದು ನಿಂತ ಪೈಪಿಗೆ ಬೇರೊಂದು ಲೋಹ ತಾಗಿದರೆ, ಅಥವಾ ರಿಪೇರಿಗೆ ಬಂದವರು ಕರೆಂಟು ಹರಿಯುತ್ತಿರುವ ಪೈಪಿನ ಜೋಡಣೆ ಬಿಚ್ಚಿದರೆ ಕಿಡಿ ಹಾರಬಹುದು. ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟು ಮೀಥೇನ್ ಬೆರೆತಿದ್ದರೆ ಒಂದು ಕಿಡಿ ಸಾಕು. ಸಿಲಿಂಡರಿನ ಗ್ಯಾಸ್ ನೆಲದಲ್ಲಿ ತಂಗಿದರೆ ಈ ಗ್ಯಾಸ್ ಹಗುರ, ಮೇಲಕ್ಕೆ ಹೋಗುತ್ತದೆ. ಕಿಟಕಿ ತೆರೆದಿದ್ದರೆ ಬೇಗ ಹೊರಗೆ ಹೋಗುವುದು ಇದರ ಒಳ್ಳೆಯ ಗುಣ. ಆದರೆ ಕಿಟಕಿ ಮುಚ್ಚಿದ ಕೋಣೆಯ ಮಾಡಿನ ಅಡಿಯಲ್ಲಿ ಅದೂ ಕಾದು ನಿಲ್ಲುತ್ತದೆ.

ಅರ್ತ್ ಬೇರೆ, ಬಾಂಡಿಂಗ್ ಬೇರೆ

ಇದಕ್ಕೆ ಪರಿಹಾರ ಹೊಸದೇನೂ ಅಲ್ಲ. ಪೈಪಿಗೆ ಒಂದು ಕ್ಲಾಂಪ್ ಹಾಕಿ, ತಾಮ್ರದ ವಯರಿನಿಂದ ಮನೆಯ ಮುಖ್ಯ ಅರ್ತ್ ಪಟ್ಟಿಗೆ ಸೇರಿಸುವುದು. ಇದನ್ನೇ ಬಾಂಡಿಂಗ್ ಎನ್ನುತ್ತಾರೆ. ಅರ್ತ್ ಎಂದರೆ ಲೋಹವನ್ನು ಮಣ್ಣಿಗೆ ಸೇರಿಸುವುದು. ಬಾಂಡಿಂಗ್ ಎಂದರೆ ಮನೆಯೊಳಗಿನ ಲೋಹಗಳನ್ನೆಲ್ಲ ಒಂದಕ್ಕೊಂದು ಕಟ್ಟಿ ಒಂದೇ ಮಟ್ಟಕ್ಕೆ ತರುವುದು. ಶಾಕ್ ಹೊಡೆಯುವುದು ವೋಲ್ಟೇಜ್ ಇರುವುದರಿಂದಲ್ಲ, ಕೈಗೂ ಕಾಲಿಗೂ ಅಥವಾ ಎರಡು ಕೈಗಳಿಗೂ ನಡುವೆ ವೋಲ್ಟೇಜಿನ ವ್ಯತ್ಯಾಸ ಇರುವುದರಿಂದ. ಒಂದು ಕೈ ಫ್ರಿಜ್ಜಿನ ಮೇಲೆ, ಇನ್ನೊಂದು ಗ್ಯಾಸ್ ಪೈಪಿನ ಮೇಲೆ ಇದ್ದಾಗ ಎರಡೂ ಒಂದೇ ಮಟ್ಟದಲ್ಲಿದ್ದರೆ ಶಾಕ್ ಇಲ್ಲ.

ಬ್ರಿಟನ್ನಿನ ವಯರಿಂಗ್ ನಿಯಮದಲ್ಲಿ ಇದಕ್ಕೆ ಅಳತೆಯೇ ಇದೆ. ಗ್ಯಾಸ್ ಮೀಟರಿನಿಂದ ಮನೆಯ ಕಡೆಗೆ 600 ಮಿಲಿಮೀಟರಿನೊಳಗೆ ಬಾಂಡಿಂಗ್ ಕ್ಲಾಂಪ್ ಇರಬೇಕು; ಮನೆಗಳಲ್ಲಿ ಸಾಮಾನ್ಯವಾಗಿ 10 ಚದರ ಮಿಲಿಮೀಟರಿನ ತಾಮ್ರದ ವಯರು ಬೇಕು. ಅಲ್ಲಿ ಗ್ಯಾಸ್ ಪೈಪು ಬಿಚ್ಚುವ ಕೆಲಸಗಾರ ಮೊದಲು ಎರಡೂ ತುದಿಗೆ ತಾತ್ಕಾಲಿಕ ವಯರು ಕಚ್ಚಿಸಿಯೇ ಸ್ಪಾನರ್ ಹಿಡಿಯುತ್ತಾನೆ. ನಮ್ಮ ದೇಶದಲ್ಲಿಯೂ ಭಾರತೀಯ ಮಾನಕ ಸಂಸ್ಥೆಯ ಅರ್ತಿಂಗ್ ಸಂಹಿತೆ, ಐ.ಎಸ್. 3043, ಕಟ್ಟಡದೊಳಗೆ ಬರುವ ನೀರಿನ, ಗ್ಯಾಸಿನ ಲೋಹದ ಪೈಪುಗಳನ್ನು ಮುಖ್ಯ ಅರ್ತಿಗೆ ಬಾಂಡ್ ಮಾಡುವುದನ್ನು ಹೇಳುತ್ತದೆ. 1987ರ ಈ ಸಂಹಿತೆ 2018ರಲ್ಲಿ ಪರಿಷ್ಕಾರವಾಗಿದೆ. ಅಂದರೆ ಕೊರತೆ ಇರುವುದು ಪುಸ್ತಕದಲ್ಲಲ್ಲ.

ಒಂದು ತಪ್ಪು ತಿಳುವಳಿಕೆಯನ್ನು ಮಾತ್ರ ಮೊದಲೇ ತೆಗೆದುಹಾಕಬೇಕು. ಪೈಪನ್ನು ಅರ್ತಿಗೆ ಸೇರಿಸುವುದು ಬೇರೆ, ಪೈಪನ್ನೇ ಅರ್ತ್ ಆಗಿ ಬಳಸುವುದು ಬೇರೆ. ಅರ್ತ್ ಗುಂಡಿ ಇಲ್ಲದ ಹಳೆಯ ಮನೆಗಳಲ್ಲಿ ನೀರಿನ ನಳ್ಳಿಗೆ ವಯರು ಸುತ್ತಿ ಅರ್ತ್ ಎಂದು ಬಿಡುವ ಚಾಳಿ ಉಂಟು. ಗ್ಯಾಸ್ ಪೈಪಿಗೆ ಹಾಗೆ ಮಾಡಿದರೆ ಮಣ್ಣಿಗೆ ದಾರಿಯಿಲ್ಲದ ಪೈಪಿಗೆ ವಾಶಿಂಗ್ ಮೆಶಿನ್ನಿನ ಸೋರಿಕೆಯನ್ನೆಲ್ಲ ತಂದು ತುಂಬಿದಂತಾಗುತ್ತದೆ. ಉರಿಯುವ ಅನಿಲದ ಪೈಪನ್ನು ಅರ್ತ್ ಇಲೆಕ್ಟ್ರೋಡ್ ಆಗಿ ಬಳಸಬಾರದು ಎಂಬುದು ಅಂತಾರಾಷ್ಟ್ರೀಯ ನಿಯಮ.

ನಮ್ಮ ಮಣ್ಣಿನ ಲೆಕ್ಕ

ಕೆ.ಎಸ್.ಇ.ಬಿ. ಕಂಬದಿಂದ ಸಾಮಾನ್ಯ ಮನೆಗೆ ಬರುವುದು ಎರಡು ವಯರು, ಫೇಸ್ ಮತ್ತು ನ್ಯೂಟ್ರಲ್. ಅರ್ತ್ ಮನೆಯವರದೇ, ಹಿತ್ತಿಲಿನ ಗುಂಡಿಯಲ್ಲಿ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಗುಡ್ಡದ ಮೇಲಿನ ಮನೆಗಳೆಲ್ಲ ಮುರಕಲ್ಲಿನ ನೆಲದಲ್ಲಿವೆ. ಮಳೆಗಾಲದಲ್ಲಿ ಒದ್ದೆಯಾಗಿರುವ ಈ ನೆಲ ಏಪ್ರಿಲ್ ಹೊತ್ತಿಗೆ ಒಣಗಿ ಕಲ್ಲಾಗುತ್ತದೆ, ಅರ್ತಿನ ತಡೆ ಏರುತ್ತದೆ.

ಲೆಕ್ಕ ಸರಳ. ಅರ್ತಿನ ತಡೆ 20 ಓಮ್ ಇದ್ದರೆ 230 ವೋಲ್ಟಿಗೆ ಹರಿಯುವುದು ಹನ್ನೊಂದೂವರೆ ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ. ಇದಕ್ಕೆ ಬೀಳುವುದಿಲ್ಲ. ಆದ್ದರಿಂದ ಬರೀ ಬಾಂಡಿಂಗ್ ಮಾಡಿಸಿ ನಿಶ್ಚಿಂತರಾಗುವಂತಿಲ್ಲ; 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ. ಜೊತೆಗಿರಬೇಕು. ಎರಡೂ ಇದ್ದರೆ, ವಯರು ಪೈಪಿಗೆ ತಾಗಿದ ಕ್ಷಣವೇ ಮನೆಯ ಕರೆಂಟು ಕಡಿದುಹೋಗುತ್ತದೆ. ಬಾಂಡಿಂಗ್ ಇಲ್ಲದೆ ಇ.ಎಲ್.ಸಿ.ಬಿ. ಮಾತ್ರ ಇದ್ದರೆ ಅದು ಬೀಳುವುದು ಯಾರಾದರೂ ಪೈಪು ಮುಟ್ಟಿದ ಮೇಲೆ. ಅರ್ತ್ ಕೆಟ್ಟಿದ್ದು, ಇ.ಎಲ್.ಸಿ.ಬಿ. ಇಲ್ಲದೆ ಬಾಂಡಿಂಗ್ ಮಾತ್ರ ಮಾಡಿದರೆ ಫ್ರಿಜ್ಜಿನ ದೋಷ ಗ್ಯಾಸ್ ಪೈಪಿಗೂ ಬರುತ್ತದೆ, ಹೊರಗೆ ಅಂಗಳದಲ್ಲಿ ನಿಂತು ಪೈಪು ಮುಟ್ಟುವ ಮಗುವಿಗೂ ತಲುಪುತ್ತದೆ. ಆದ್ದರಿಂದ ಮೊದಲು ಅರ್ತ್ ಸರಿಯಾಗಬೇಕು, ನಂತರ ಇ.ಎಲ್.ಸಿ.ಬಿ., ಅದರ ಮೇಲೆ ಬಾಂಡಿಂಗ್.

ಇ.ಎಲ್.ಸಿ.ಬಿ.ಗೂ ಎಟುಕದ ಒಂದು ಜಾಗವಿದೆ. ಕಂಬದಿಂದ ಮೀಟರಿಗೆ ಬರುವ ಸರ್ವೀಸ್ ವಯರು ಅದಕ್ಕಿಂತ ಮೊದಲೇ ಇರುವಂಥದ್ದು. ಹೊರಗೋಡೆಯಲ್ಲಿ ಈ ವಯರೂ ಗ್ಯಾಸ್ ಪೈಪೂ ಒಂದಕ್ಕೊಂದು ಉಜ್ಜುವಂತಿದ್ದರೆ ಮನೆಯೊಳಗಿನ ಯಾವ ಉಪಕರಣವೂ ಕಾಯುವುದಿಲ್ಲ. ಅಲ್ಲಿ ಅಂತರವೊಂದೇ ರಕ್ಷಣೆ.

ಫ್ಲ್ಯಾಟುಗಳ ಕಥೆ ಇನ್ನೂ ಸೂಕ್ಷ್ಮ. ಐದಾರು ಮಾಳಿಗೆಯ ಕಟ್ಟಡದಲ್ಲಿ ಒಂದೇ ನೆಟ್ಟಗಿನ ಪೈಪಿನಿಂದ ಎಲ್ಲ ಮನೆಗಳಿಗೂ ಕವಲು. ಲೋಹಕ್ಕೆ ಲೋಹ ಸೇರಿರುವುದರಿಂದ ಮೇಲಿನ ಮನೆಯ ವಯರಿಂಗ್ ದೋಷ ಕೆಳಗಿನ ಮನೆಯ ಅಡುಗೆ ಕೋಣೆಯಲ್ಲಿ ಕಾಣಿಸಿಕೊಳ್ಳಬಹುದು. ತನ್ನ ಮನೆಯಲ್ಲಿ ಎಲ್ಲವನ್ನೂ ಸರಿಯಾಗಿ ಮಾಡಿಸಿದವನೂ ಇಲ್ಲಿ ಪೂರ್ತಿ ಸುರಕ್ಷಿತನಲ್ಲ. ಇದು ಇಡೀ ಕಟ್ಟಡಕ್ಕೆ ಒಟ್ಟಾಗಿ ಮಾಡಿಸಬೇಕಾದ ಕೆಲಸ.

ಅಮೆರಿಕ ಕಲಿತ ಪಾಠ

ನಿಯಮ ತಡವಾದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. 1990ರ ಸುಮಾರಿಗೆ ಅಲ್ಲಿನ ಮನೆಗಳಿಗೆ ಬಾಗುವ ಸ್ಟೈನ್‌ಲೆಸ್ ಸ್ಟೀಲಿನ, ಹಳದಿ ಹೊದಿಕೆಯ ಗ್ಯಾಸ್ ಟ್ಯೂಬ್ ಬಂತು. ಭೂಕಂಪದ ನಾಡಾದ ಜಪಾನಿನಲ್ಲಿ ಹುಟ್ಟಿದ ಈ ಟ್ಯೂಬ್ ಜೋಡಿಸಲು ಸುಲಭ, ಖರ್ಚೂ ಕಡಿಮೆ. ಆದರೆ ಗೋಡೆಯ ದಪ್ಪ ಬರೀ ಕಾಲು ಮಿಲಿಮೀಟರ್. ಮನೆಗೆ ಅಥವಾ ಹತ್ತಿರದಲ್ಲಿ ಸಿಡಿಲು ಬಡಿದಾಗ ಹತ್ತಿರದ ಬೇರೆ ಲೋಹದಿಂದ ಟ್ಯೂಬಿಗೆ ಕಿಡಿ ಹಾರಿ ಸೂಜಿಯಷ್ಟು ತೂತು ಬೀಳುತ್ತಿತ್ತು. ಅದೇ ಕಿಡಿಗೆ ಗ್ಯಾಸ್ ಹೊತ್ತಿಕೊಳ್ಳುತ್ತಿತ್ತು. ಅರ್ಕಾನ್ಸಾಸ್ ರಾಜ್ಯದಲ್ಲಿ ತಯಾರಕರ ಮೇಲೆ ಹೂಡಿದ ಸಾಮೂಹಿಕ ದಾವೆ 2006-07ರಲ್ಲಿ ರಾಜಿಯಲ್ಲಿ ಮುಗಿಯಿತು. ರಾಷ್ಟ್ರೀಯ ಅನಿಲ ಸಂಹಿತೆಯ 2009ರ ಆವೃತ್ತಿಯಲ್ಲಿ ಈ ಟ್ಯೂಬಿಗೆ ಪ್ರತ್ಯೇಕ ಬಾಂಡಿಂಗ್ ಕಡ್ಡಾಯವಾಯಿತು. ಆದರೂ 2012ರಲ್ಲಿ ಟೆಕ್ಸಾಸಿನ ಲಬ್ಬಕ್ ನಗರದಲ್ಲಿ ಮನೆಯೊಂದಕ್ಕೆ ಸಿಡಿಲು ಬಡಿದು ಬೆಂಕಿಯಾಗಿ ಒಬ್ಬ ಯುವಕ ಸತ್ತಾಗ ಮತ್ತೆ ಚರ್ಚೆ ಎದ್ದಿತು.

ನಮ್ಮಲ್ಲಿ ಹಾಕುವ ಜಿ.ಐ. ಪೈಪಿನ ದಪ್ಪ ಎರಡು ಮಿಲಿಮೀಟರಿಗೂ ಹೆಚ್ಚು. ಅಷ್ಟು ಸುಲಭದಲ್ಲಿ ತೂತಾಗದು. ಆದ್ದರಿಂದ ಅಮೆರಿಕದ ಭಯವನ್ನು ಹಾಗೆಯೇ ಇಲ್ಲಿಗೆ ತರಬೇಕಾಗಿಲ್ಲ. ಆದರೆ ತುಲಾ ಮಾಸದ ಸಂಜೆಯ ಗುಡುಗು ಸಿಡಿಲು, ಬೇಸಗೆ ಕೊನೆಯ ಮಳೆಯ ಸಿಡಿಲು ಏನೆಂದು ಕಾಸರಗೋಡಿನವರಿಗೆ ಹೇಳಿಕೊಡಬೇಕಾಗಿಲ್ಲ. ಗೋಡೆಯುದ್ದಕ್ಕೂ ಏರಿದ, ಯಾವುದಕ್ಕೂ ಕಟ್ಟದ ಲೋಹ ಸಿಡಿಲಿನ ಹೊತ್ತಿಗೆ ಒಳ್ಳೆಯದಲ್ಲ ಎಂಬ ಪಾಠ ಎರಡೂ ಕಡೆಗೆ ಒಂದೇ.

ಇಬ್ಬರ ನಡುವೆ ಬಿದ್ದ ಕೆಲಸ

ಹಾಗಾದರೆ ತೊಡಕು ಎಲ್ಲಿದೆ? ಗ್ಯಾಸ್ ಜಾಲದ ಸುರಕ್ಷೆ ಕೇಂದ್ರದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿಯ ಕೆಳಗೆ. ವಯರಿಂಗಿನ ಸುರಕ್ಷೆ ರಾಜ್ಯದ ಇಲೆಕ್ಟ್ರಿಕಲ್ ಇನ್ಸ್‌ಪೆಕ್ಟರೇಟ್, ಪರವಾನಿಗೆಯ ವಯರ್‌ಮ್ಯಾನ್ ಇವರ ಕೈಯಲ್ಲಿ. ಮನೆ ನಂಬರ್ ಕೊಡುವುದು ಪಂಚಾಯತು. ಹಳೆಯ ಮನೆಯಲ್ಲಿ ವಯರ್‌ಮ್ಯಾನ್ ಕೆಲಸ ಮುಗಿಸಿ ಹೋಗಿ ಇಪ್ಪತ್ತು ವರ್ಷವಾಗಿರುತ್ತದೆ. ಈಗ ಬರುವ ಪ್ಲಂಬರ್ ಗ್ಯಾಸ್ ಸೋರುವುದಿಲ್ಲವೇ ಎಂದು ಪರೀಕ್ಷಿಸುತ್ತಾನೆ, ಅದು ಅವನ ಕೆಲಸ. ಅರ್ತಿನ ಗುಂಡಿ ಅವನ ಕೆಲಸವಲ್ಲ. ಕ್ಲಾಂಪ್ ಹಾಕಲು ವಯರ್‌ಮ್ಯಾನ್ ಬಂದರೆ ಗ್ಯಾಸ್ ಪೈಪಿಗೆ ಕೈ ಹಾಕಲು ಅವನಿಗೆ ಅಧಿಕಾರವಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತೆಂಬ ಗಾದೆ ಇಲ್ಲಿಗೆ ಸರಿಯಾಗಿ ಒಪ್ಪುತ್ತದೆ. ಇಲ್ಲಿ ಜಗಳವೂ ಇಲ್ಲ ಎಂಬುದಷ್ಟೇ ವ್ಯತ್ಯಾಸ.

ಇದಕ್ಕೆ ದೊಡ್ಡ ಯೋಜನೆ ಬೇಡ. ಗ್ಯಾಸ್ ಬಿಡುವ ಮುನ್ನ ತುಂಬುವ ಫಾರ್ಮಿನಲ್ಲಿ ಅರ್ತ್, ಇ.ಎಲ್.ಸಿ.ಬಿ., ಬಾಂಡಿಂಗ್ ಎಂಬ ಮೂರು ಸಾಲು ಸೇರಿಸಿ, ಅದಕ್ಕೆ ಪರವಾನಿಗೆಯ ವಯರ್‌ಮ್ಯಾನ್ ಸಹಿ ಹಾಕಬೇಕೆಂದರೆ ಸಾಕು. ಖರ್ಚು ಕೆಲವು ಮೀಟರ್ ತಾಮ್ರದ ವಯರು ಮತ್ತು ಒಂದು ಕ್ಲಾಂಪಿನದು.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದುದು ಇಷ್ಟು. ಇ.ಎಲ್.ಸಿ.ಬಿ.ಯ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡುವುದು. ಬೇಸಗೆಯಲ್ಲಿ ಅರ್ತ್ ಗುಂಡಿಗೆ ನೀರು ಹೊಯ್ಯುವುದು, ವಯರ್‌ಮ್ಯಾನ್‌ನಿಂದ ಅದರ ತಡೆ ಅಳೆಯಿಸುವುದು. ಗ್ಯಾಸ್ ಪೈಪಿಗೆ ಬಟ್ಟೆಯ ಹಗ್ಗ, ಕೇಬಲ್ ಟಿ.ವಿ. ವಯರು, ಹಬ್ಬದ ಬಲ್ಬಿನ ಸರ ಕಟ್ಟದಿರುವುದು. ಬಾಂಡಿಂಗನ್ನು ಸ್ವತಃ ಮಾಡದೆ ಕಂಪೆನಿಗೆ ಬರೆದು ತಿಳಿಸಿ ಅವರ ಎದುರಿನಲ್ಲೇ ಮಾಡಿಸುವುದು. ಪೈಪು ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಅದನ್ನು ಮತ್ತೆ ಮುಟ್ಟದೆ ಮೈನ್ ಸ್ವಿಚ್ ಆಫ್ ಮಾಡಿ ವಯರ್‌ಮ್ಯಾನ್‌ನನ್ನು ಕರೆಯುವುದು. ಆದರೆ ಗ್ಯಾಸಿನ ವಾಸನೆಯೂ ಇದ್ದರೆ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಕಿಟಕಿ ತೆರೆದು, ಗ್ಯಾಸಿನ ವಾಲ್ವ್ ಮುಚ್ಚಿ ಹೊರಗೆ ಬರಬೇಕು. ಪೈಪಿನಲ್ಲಿಯೇ ಜುಮ್ಮೆನ್ನುತ್ತಿದ್ದರೆ ಬರಿಗೈಯಲ್ಲಿ ವಾಲ್ವಿಗೂ ಹೋಗದೆ, ಮನೆಯವರನ್ನೆಲ್ಲ ಹೊರಗೆ ಕರೆದು, ದೂರದಿಂದಲೇ ಕಂಪೆನಿಗೂ ಅಗ್ನಿಶಾಮಕ ದಳಕ್ಕೂ ಫೋನ್ ಮಾಡಬೇಕು.

ಇನ್ನೊಂದು ಮಾತು ಭಾಷೆಯದು. ಗಡಿನಾಡಿನಲ್ಲಿ ಮಲಯಾಳ ಮಾತಾಡಬಲ್ಲವರೆಲ್ಲ ಮಲಯಾಳ ಓದಬಲ್ಲವರಲ್ಲ. ಕನ್ನಡ ಶಾಲೆಯಲ್ಲಿ ಕಲಿತು ಅಡುಗೆ ಕೋಣೆಯಲ್ಲಿ ಒಲೆ ಹಚ್ಚುವ ಹಿರಿಯ ಹೆಂಗಸರಿಗೆ ಸುರಕ್ಷೆಯ ಸೂಚನೆ ಇಂಗ್ಲಿಷ್ ಅಥವಾ ಮಲಯಾಳದಲ್ಲಿ ಮಾತ್ರ ಇದ್ದರೆ ಅದು ಇದ್ದೂ ಇಲ್ಲದಂತೆ. ತಲಪಾಡಿಯಾಚೆ ಕನ್ನಡದಲ್ಲಿ ಹೇಳಬಹುದಾದುದನ್ನು ಮಂಜೇಶ್ವರ, ಕುಂಬಳೆ, ಬದಿಯಡ್ಕಗಳಲ್ಲಿಯೂ ಹೇಳಬಹುದು. ಪಂಚಾಯತುಗಳು ಗ್ರಾಮಸಭೆಯಲ್ಲಿ ಕಂಪೆನಿಯವರನ್ನು ಕೂರಿಸಿ ಈ ಎರಡು ಬೇಡಿಕೆಗಳನ್ನು, ಅಂದರೆ ವಯರ್‌ಮ್ಯಾನ್ ಸಹಿ ಮತ್ತು ಕನ್ನಡದ ಸೂಚನಾ ಪತ್ರ, ಮುಂದಿಡಲಿ. ಹೆಚ್ಚಿನ ಮನೆಗಳಿಗೆ ಪೈಪು ಇನ್ನೂ ಬರಬೇಕಷ್ಟೆ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಬದಲು ಈಗಲೇ ಕೇಳಲು ಸಮಯವಿದೆ.