ಮಿಷನ್ ಶಾಲೆಯ ಹಳೆಯ ಕಟ್ಟಡ

ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1836ರಲ್ಲಿ ಅಲ್ಲಿ ಕನ್ನಡ ಶಾಲೆಯೊಂದನ್ನು ತೆರೆದರು. ಧರ್ಮಪ್ರಸಾರವೇ ಅವರ ಉದ್ದೇಶವಾಗಿದ್ದಿತು, ನಿಜ. ಆದರೆ ಫಲವು ಅಷ್ಟಕ್ಕೇ ನಿಲ್ಲಲಿಲ್ಲ. ಅವರಲ್ಲೊಬ್ಬರಾದ ಮೋಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು. ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅವರ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಹೀಗಿರುವಾಗ, ಮಿಷನ್ ಶಾಲೆಗಳ ಹಳೆಯ ಕಟ್ಟಡಗಳು ಚರ್ಚಿನವರ ಸೊತ್ತು ಮಾತ್ರವೆಂದು ಉಳಿದ ಕನ್ನಡಿಗರು ಸುಮ್ಮನಿರುವುದು ಉಚಿತವಲ್ಲ.

ಆ ಕಟ್ಟಡಗಳು ಕರಾವಳಿಯ ನೆಲದಿಂದಲೇ ಎದ್ದವು. ಗೋಡೆಗೆ ಅಲ್ಲಿಯೇ ಕಡಿದ ಮುರಕಲ್ಲು. ಮಾಡಿಗೆ ಅಲ್ಲಿಯ ಜೇಡಿಮಣ್ಣಿನ ಹೆಂಚು. ಅಂತಹ ಹೆಂಚಿನ ಕಾರ್ಖಾನೆಯನ್ನು 1865ರಲ್ಲಿ ಜೆಪ್ಪುವಿನಲ್ಲಿ ತೆರೆದವರೂ ಮಿಷನ್ನಿನವರೇ. ಸೆಕೆಯ ಗಾಳಿ ಎತ್ತರದ ಮಾಡಿನತ್ತ ಏರಿ ಹೆಂಚಿನ ಸಂದುಗಳಿಂದ ಹೊರಹೋಗುವುದು. ಮಳೆಯ ಇರಚಲನ್ನು ಅಗಲವಾದ ಜಗಲಿ ತಡೆಯುವುದು. ಹೆಂಚೊಂದು ಒಡೆದರೆ ಅದೊಂದನ್ನೇ ಬದಲಿಸಿದರಾಯಿತು. ಕಾಂಕ್ರೀಟಿನ ಮಾಡಿಗೆ ಈ ಅನುಕೂಲವೆಲ್ಲಿ?

ಕೊಠಡಿಗಳು ಸಾಲವು, ಗೋಡೆಗಳು ಶಿಥಿಲವಾಗಿವೆ ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. ಕುಸಿಯುವ ಮಾಡಿನ ಕೆಳಗೆ ಮಕ್ಕಳನ್ನು ಕೂರಿಸಲಾಗದು. ಆದರೂ ಆಡಳಿತದವರು ಮೊದಲು ಹೆಂಚನ್ನಿಳಿಸಿ ಪಕ್ಕಾಸುಗಳನ್ನು ಪರೀಕ್ಷಿಸಲಿ, ಕೊಳೆತುದನ್ನು ಬದಲಿಸುವ ವೆಚ್ಚವನ್ನು ಹೊಸ ಕಟ್ಟಡದ ವೆಚ್ಚದೊಡನೆ ಹೋಲಿಸಲಿ. ಕೆಡಹುವ ಮಾತನ್ನು ಆ ಬಳಿಕ ಎತ್ತಲಿ.