ಹಳೆಯ ಕಂಪ್ಯೂಟರಿಗೆ ಹೊಸ ಡಿಸ್ಕುಗಳು

ನಮ್ಮ ಕಛೇರಿಯ ಕಂಪ್ಯೂಟರನ್ನು ಮಾರಿ ಹೊಸದನ್ನು ಕೊಳ್ಳಬೇಕೆಂದು ಹಳೆಯ ವಿದ್ಯಾರ್ಥಿನಿಯರ ಸಂಘದಲ್ಲಿ ಮಾತು ನಡೆದಿರುವುದು ಈ ಸಂಚಿಕೆಯ ವಾಚಕರಲ್ಲಿ ಅನೇಕರಿಗೆ ತಿಳಿದ ವಿಷಯವೇ. ಧನಸಹಾಯಕ್ಕೆ ಮುಂದೆ ಬಂದಿರುವ ಸಹೋದರಿಯರ ಔದಾರ್ಯಕ್ಕಾಗಿ ದೇವರನ್ನು ಸ್ತುತಿಸುತ್ತೇವೆ. ಆದರೂ ಆ ಹಣವನ್ನು ಹೊಸ ಯಂತ್ರಕ್ಕೆ ವೆಚ್ಚಮಾಡುವುದು ಯುಕ್ತವಲ್ಲವೆಂಬುದು ನನ್ನ ಅಭಿಪ್ರಾಯ. 2012ರಲ್ಲಿ ಕೊಂಡ ಆ ಯಂತ್ರದ ಕೊರತೆ ಮುಖ್ಯವಾಗಿ ಒಂದೇ. ಅದರೊಳಗಿನ 500 ಜಿ.ಬಿ. ಹಾರ್ಡ್ ಡಿಸ್ಕಿನಲ್ಲಿ ಸ್ಥಳವಿಲ್ಲ. ಪಾತ್ರೆಗಳಿಗೆ ಜಾಗ ಸಾಲದಿದ್ದರೆ ಗೋಡೆಗೆ ಇನ್ನೊಂದು ಹಲಗೆಯನ್ನು ಬಡಿಸುತ್ತೇವಲ್ಲದೆ ಮನೆಯನ್ನೇ ಮಾರುವುದಿಲ್ಲ.

ಇಷ್ಟು ಆಸ್ಥೆಯಿಂದ ಬರೆಯುವುದಕ್ಕೆ ಕಾರಣವುಂಟು. ಕೆಲವು ವರ್ಷಗಳ ಹಿಂದೆ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿಸಿದ್ದೆವು. ಕಂಪ್ಯೂಟರಿನಲ್ಲಿ ಎಡೆಯಿಲ್ಲದ್ದರಿಂದ ಅವೆಲ್ಲವನ್ನೂ ಹೊರಗಿನ ಒಂದು ಡಿಸ್ಕಿಗೆ ಸಾಗಿಸಿ, ಒಳಗಿನ ಪ್ರತಿಯನ್ನು ಅಳಿಸಿಬಿಟ್ಟೆವು. ಮಳೆಗಾಲದ ಒಂದು ಬೆಳಗ್ಗೆ ಆ ಡಿಸ್ಕು ಟಕ್ ಟಕ್ ಎಂದು ಸದ್ದುಮಾಡಿ ಸುಮ್ಮನಾಯಿತು. ಅದೇ ವರ್ಷ ವೃದ್ಧೆಯಾದ ಹಳೆಯ ವಿದ್ಯಾರ್ಥಿನಿಯೊಬ್ಬರು ತಮ್ಮ ಜನ್ಮದಿನಾಂಕದ ಪ್ರಮಾಣಕ್ಕಾಗಿ ಮೊಮ್ಮಗನೊಡನೆ ಬಂದರು. ಕಾಗದದ ಪುಸ್ತಕವನ್ನು ತೆಗೆದು ನೋಡಿದರೆ ಅವರ ಪುಟವು ಗೆದ್ದಲಿಗೆ ಆಹಾರವಾಗಿತ್ತು. ಚಿತ್ರವೋ ಸತ್ತ ಡಿಸ್ಕಿನಲ್ಲಿತ್ತು. ಆ ತಾಯಿಗೆ ಚಹಾ ಕೊಟ್ಟು ಕಳುಹಿಸಿದೆವು, ಬೇರೇನನ್ನೂ ಕೊಡಲಾಗಲಿಲ್ಲ. ರಿಪೇರಿಯವರಲ್ಲಿ ದೋಷವಿಲ್ಲ. ಒಂದೇ ಪ್ರತಿಯನ್ನು ಇಟ್ಟ ತಪ್ಪು ನನ್ನದು.

ಡಿಸ್ಕುಗಳನ್ನು ಸೇರಿಸುವುದು ಅಂಥ ಬ್ರಹ್ಮವಿದ್ಯೆಯೇನಲ್ಲ. ನಮ್ಮ ಯಂತ್ರದ ಮದರ್‌ಬೋರ್ಡಿನಲ್ಲಿ ನಾಲ್ಕು ಸಾಟಾ ಕಿಂಡಿಗಳಿದ್ದು, ಎರಡು ಬರಿದಾಗಿವೆ; ಪೆಟ್ಟಿಗೆಯಲ್ಲಿ ಮೂರೂವರೆ ಅಂಗುಲದ ಡಿಸ್ಕು ಕೂರುವ ಎರಡು ಗೂಡುಗಳೂ ಖಾಲಿಯಿವೆ. ಇದಕ್ಕೆ ಹಿಂದಿನ ಕಾಲದ ಯಂತ್ರಗಳಲ್ಲಿ ಒಂದೇ ಚಪ್ಪಟೆ ಕೇಬಲಿಗೆ ಎರಡು ಡಿಸ್ಕುಗಳನ್ನು ಕಟ್ಟಿ, ಯಾವುದು ಯಜಮಾನ ಯಾವುದು ಸೇವಕನೆಂದು ಸಣ್ಣ ಪಿನ್ನುಗಳಿಂದ ನಿಶ್ಚಯಿಸಬೇಕಾಗಿತ್ತು. ಸಾಟಾದಲ್ಲಿ ಆ ತಂಟೆಯಿಲ್ಲ; ಒಂದೊಂದು ಡಿಸ್ಕಿಗೂ ತನ್ನದೇ ಕೇಬಲು. ವಿದ್ಯುತ್ತಿನ ತಂತಿಯ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಎಸ್.ಎಂ.ಪಿ.ಎಸ್.ನಲ್ಲಿ ತಕ್ಕ ತುದಿಗಳು ಸಾಲದೆಂದು ಅಗ್ಗದ ಜೋಡುತಂತಿಯನ್ನು ಸಿಕ್ಕಿಸಿದರೆ ಅದು ಕರಗಿ ಹೊಗೆಯೇಳುವ ಅಪಾಯವುಂಟು. ಕೆಲಸಕ್ಕೆ ಮೊದಲು ಕರೆಂಟಿನ ವಯರನ್ನು ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ವಿದ್ಯುತ್ತನ್ನು ಕಳೆದುಕೊಳ್ಳತಕ್ಕದ್ದು. ತಿರುಗುವ ಡಿಸ್ಕನ್ನು ಸ್ಕ್ರೂ ಬಿಗಿಯದೆ ತೂಗಾಡಿಸಬಾರದು.

ಹೊಸ ಡಿಸ್ಕು ಕೂಡಲೇ ಕಾಣಿಸದಿದ್ದರೆ ಅಂಗಡಿಯವನು ಮೋಸಮಾಡಿದನೆಂದು ಭಾವಿಸಬಾರದು. ಅದನ್ನು ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಮೊದಲು ಸಿದ್ಧಗೊಳಿಸಬೇಕು. ಅಲ್ಲಿ ಅವಸರಪಟ್ಟು ಹಳೆಯ ಡಿಸ್ಕನ್ನೇ ಆರಿಸಿದರೆ ಇದ್ದದ್ದೂ ಹೋದೀತು. ಗುರುತಿಗೆ ಅಳತೆಯನ್ನು ನೋಡಿರಿ: 500 ಜಿ.ಬಿ.ಯದು ಅಲ್ಲಿ ಸುಮಾರು 465 ಎಂದೂ, 2 ಟಿ.ಬಿ.ಯದು ಸುಮಾರು 1863 ಎಂದೂ ತೋರುವುದು. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುವುದೇ ಈ ಅಂತರಕ್ಕೆ ಕಾರಣ. ಇನ್ನು 2 ಟಿ.ಬಿ.ಗಿಂತ ದೊಡ್ಡ ಡಿಸ್ಕುಗಳು ಹಳೆಯ ಬಗೆಯ ವಿಭಾಗಪಟ್ಟಿಯಲ್ಲಿ ಪೂರ್ಣವಾಗಿ ಹಿಡಿಯವು. ಆದಕಾರಣ ನಮಗೆ 2 ಟಿ.ಬಿ.ಯವೇ ಸಾಕು.

ಈಗ ಸಂಘದ ಕೆಲವರೊಡನೆ ನನಗಿರುವ ಮುಖ್ಯ ಭಿನ್ನಾಭಿಪ್ರಾಯಕ್ಕೆ ಬರುತ್ತೇನೆ. ಎರಡು ಡಿಸ್ಕುಗಳನ್ನು ಬೆಸೆದು 4 ಟಿ.ಬಿ.ಯ ಒಂದೇ ಉಗ್ರಾಣವಾಗಿ ಮಾಡೋಣವೆಂದು ಅವರು ಹೇಳುತ್ತಾರೆ. ಹಾಗೆ ಮಾಡಿದಲ್ಲಿ ಒಂದು ಕೆಟ್ಟರೂ ಇಡೀ ಉಗ್ರಾಣವು ಕುಸಿಯುವುದು. ಒಂದರ ಪ್ರತಿಬಿಂಬವಾಗಿ ಇನ್ನೊಂದನ್ನು ನಡೆಸುವ ಉಪಾಯವು ಇದಕ್ಕಿಂತ ಮೇಲೇನೋ ಹೌದು. ಆದರೆ ಗುಮಾಸ್ತರು ಕೈತಪ್ಪಿ ಅಳಿಸಿದ ಕಡತವು ಆ ಕ್ಷಣದಲ್ಲಿಯೇ ಪ್ರತಿಬಿಂಬದಿಂದಲೂ ಮಾಯವಾಗುವುದು. ನನ್ನ ಸಲಹೆಯೆಂದರೆ, ಮೊದಲನೆಯದರಲ್ಲಿ ಕೆಲಸ, ಎರಡನೆಯದಕ್ಕೆ ಪ್ರತಿ ಶನಿವಾರ ನಕಲು. ಮೂರನೆಯದೊಂದು ಡಿಸ್ಕು ಯು.ಎಸ್.ಬಿ. ಪೆಟ್ಟಿಗೆಯಲ್ಲಿ ಶಾಲೆಯ ಆವರಣದ ಹೊರಗೇ ಇರತಕ್ಕದ್ದು. ಸಿಡಿಲು, ಕಳ್ಳ, ಸೋರುವ ಮಾಡು, ಇವು ಮೂರೂ ಒಂದೇ ಕೋಣೆಯಲ್ಲಿರುವ ಎರಡು ಡಿಸ್ಕುಗಳಲ್ಲಿ ಭೇದವೆಣಿಸವು. ಬಾಸೆಲ್ ಮಿಶನಿನವರು ಮಂಗಳೂರು, ಧಾರವಾಡಗಳಿಂದ ಬರೆದ ಪತ್ರಗಳು ಇಂದಿಗೂ ಓದಲು ಸಿಕ್ಕುವುದು ಅವು ಸಮುದ್ರ ದಾಟಿ ಬಾಸೆಲಿನ ದಾಖಲೆಗಳ ಭಂಡಾರವನ್ನು ಸೇರಿದ್ದರಿಂದಲ್ಲವೇ?

ಯಂತ್ರದ ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೇ ಕಂಪನಿಯ ನೆರವು ನಿಂತಿತೆಂಬ ಆಕ್ಷೇಪಣೆ ನ್ಯಾಯವಾದದ್ದು. ಆದಕಾರಣವೇ ಅದನ್ನು ಇಂಟರ್ನೆಟ್ಟಿಗೆ ಜೋಡಿಸದೆ ಕೇವಲ ದಾಖಲೆಗಳ ಕಪಾಟಾಗಿ ಇಡುತ್ತೇವೆ. ಬೋರ್ಡಿನವರೊಡನೆ ನಡೆಯಬೇಕಾದ ವ್ಯವಹಾರಕ್ಕೆ ಪ್ರಯೋಗಶಾಲೆಯ ಯಂತ್ರಗಳಿವೆ. ಪೆನ್‌ಡ್ರೈವುಗಳನ್ನು ಮೊದಲು ಅಲ್ಲಿ ಪರೀಕ್ಷಿಸಿದ ಮೇಲೆಯೇ ಕಛೇರಿಗೆ ತರುವುದು.

ಮೂರು ಡಿಸ್ಕುಗಳು, ಎರಡು ಸಾಟಾ ಕೇಬಲುಗಳು, ಯು.ಎಸ್.ಬಿ. ಪೆಟ್ಟಿಗೆಯೊಂದು, ಒಳ್ಳೆಯ ಯು.ಪಿ.ಎಸ್. ಒಂದು, ಇಷ್ಟನ್ನು ಸಂಘವು ಮಳೆಗಾಲಕ್ಕೆ ಮುಂಚೆ ದಯಪಾಲಿಸಿದರೆ ದಾಖಲಾತಿ ಪುಸ್ತಕಗಳನ್ನು ಮತ್ತೆ ಮೊದಲನೆಯ ಪುಟದಿಂದ ಸ್ಕ್ಯಾನ್ ಮಾಡಲು ತೊಡಗುವೆವು. ಗೆದ್ದಲು ತಿಂದ ಪುಟಗಳಿಗೆ ಬದಲಾಗಿ, ತಮ್ಮಲ್ಲಿ ಹಳೆಯ ವರ್ಗಾವಣೆ ಪತ್ರಗಳಾಗಲಿ ತರಗತಿಯ ಭಾವಚಿತ್ರಗಳಾಗಲಿ ಉಳಿದಿದ್ದರೆ ಸಹೋದರಿಯರು ತಂದು ತೋರಿಸಬೇಕೆಂದು ಬೇಡುತ್ತೇನೆ. ಪ್ರತಿ ತೆಗೆದುಕೊಂಡು ಅಂದೇ ಹಿಂದಿರುಗಿಸುವೆವು.